ಮ್ಯಾರಥಾನ್: ಒಂದು ಓಟ, ಒಂದು ಶಬ್ದ

ಬೆಂಗಳೂರಿನ ವಾರ್ಷಿಕ ಓಟವಾದ ‘ವರ್ಲ್ಡ್ ಟೆನ್ ಕೆ’ 2008ರ ಮೇ ತಿಂಗಳಲ್ಲಿ ಆರಂಭವಾಯಿತು. ಹೆಸರೇ ಸೂಚಿಸುವಂತೆ ಅದರ ದೂರ 10 ಕಿ.ಮೀ. ಆದರೂ ಜನರ ಆಡುಮಾತಿನಲ್ಲಿ ಅದು ‘ಮ್ಯಾರಥಾನ್’. ಶಿವಮೊಗ್ಗದಂತಹ ಜಿಲ್ಲಾಕೇಂದ್ರಗಳಲ್ಲಿಯೂ ಜಾಗೃತಿಗಾಗಿ ಏರ್ಪಡಿಸುವ ಐದು ಕಿ.ಮೀ. ಓಟಕ್ಕೆ ಇದೇ ಹೆಸರು. ಈ ಶಬ್ದದ ಅರ್ಥ ಹೇಗೆ ಹಿಗ್ಗಿತು ಎಂಬುದು ಓಟದ ಚರಿತ್ರೆಯಷ್ಟೇ ಕುತೂಹಲಕರವಾದುದು.

ಮ್ಯಾರಥಾನ್ ಮೂಲತಃ ಗ್ರೀಸಿನ ಒಂದು ಸ್ಥಳನಾಮ. ಕ್ರಿ.ಪೂ. 490ರಲ್ಲಿ ಅಥೆನ್ಸಿನವರು ಪರ್ಷಿಯನ್ನರನ್ನು ಅಲ್ಲಿ ಸೋಲಿಸಿದರು. ಆ ಗೆಲುವಿನ ಸುದ್ದಿಯನ್ನು ಓಡಿಬಂದು ಅರುಹಿ ಪ್ರಾಣಬಿಟ್ಟ ದೂತನ ಕಥೆ ಲೋಕಪ್ರಸಿದ್ಧ. ಆದರೆ ಯುದ್ಧಕ್ಕೆ ಹತ್ತಿರದ ಕಾಲದ ಹೆರೊಡೋಟಸನಲ್ಲಿ ಈ ಪ್ರಸಂಗವಿಲ್ಲ. ಅವನು ಹೇಳುವುದು ನೆರವು ಕೋರಿ ಅಥೆನ್ಸಿನಿಂದ ಸ್ಪಾರ್ಟಾಕ್ಕೆ ಓಡಿದ ದೂತನನ್ನು ಕುರಿತು. ಇಂದು ಬಳಕೆಯಲ್ಲಿರುವ ಕಥೆ ಶತಮಾನಗಳ ಅನಂತರದ ಲೇಖಕರದು. 1879ರಲ್ಲಿ ಆಂಗ್ಲ ಕವಿ ರಾಬರ್ಟ್ ಬ್ರೌನಿಂಗ್ ಅದನ್ನು ಕವಿತೆಯಾಗಿಸಿದ. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಇಂತಹದೊಂದು ಓಟವಿರಲೆಂದು ಸಲಹೆಯಿತ್ತವನು ಫ್ರಾನ್ಸಿನ ಮಿಶೆಲ್ ಬ್ರೆಯಾಲ್. ಅವನು ಕ್ರೀಡಾಪಟುವಲ್ಲ, ಭಾಷಾವಿಜ್ಞಾನಿ. ಶಬ್ದಾರ್ಥವಿಜ್ಞಾನಕ್ಕೆ ಹೆಸರಿಟ್ಟು ನೆಲೆ ಒದಗಿಸಿದವನು. ಹೀಗೆ ಕ್ರೀಡಾಂಗಣಕ್ಕಿಂತ ಮೊದಲು ಸಾಹಿತ್ಯವೇ ಈ ಓಟವನ್ನು ಸೃಷ್ಟಿಸಿತು.

ಮರುವರ್ಷವೇ, 1897ರಲ್ಲಿ, ಅಮೆರಿಕದ ಬೋಸ್ಟನ್ ನಗರದಲ್ಲಿ ವಾರ್ಷಿಕ ಮ್ಯಾರಥಾನ್ ಮೊದಲಾಯಿತು. ನಗರಗಳ ವಾರ್ಷಿಕ ಓಟಗಳಿಗೆ ಅದೇ ಹಿರಿಯಕ್ಕ. ಆಗ ದೂರ ಸ್ಥಿರವಾಗಿರಲಿಲ್ಲ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ 42.195 ಕಿ.ಮೀ. ಎಂಬ ಅಳತೆ 1921ರಲ್ಲಿ ಅಧಿಕೃತವಾಯಿತು.

ಈ ನಿಯಮ ಬರುವ ಹಿಂದಿನ ವರ್ಷವೇ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಬೆಲ್ಜಿಯಂನ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿದ್ದರು. ಅಲ್ಲಿಯ ದಾರಿ 42.75 ಕಿ.ಮೀ., ಇಂದಿನ ಅಳತೆಗಿಂತ ಅರ್ಧ ಕಿ.ಮೀ. ಹೆಚ್ಚು. ಅವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಕ್ರಮಿಸಿ 19ನೆಯವರಾದರು. ಬೆಳಗಾವಿ ಆಗ ಮುಂಬಯಿ ಪ್ರಾಂತದಲ್ಲಿತ್ತು. ಬೆಂಗಳೂರಿನ ಮೊದಲ ಟೆನ್ ಕೆ ಓಟಕ್ಕಿಂತ 88 ವರ್ಷ ಮುಂಚಿನ ಮಾತಿದು.

ಶಬ್ದದ ಅರ್ಥವು ವಿಸ್ತಾರಗೊಳ್ಳುವುದು ದೋಷವಲ್ಲ. ಎಳ್ಳಿನ ನೆಯ್ ಎಂಬರ್ಥದ ‘ಎಣ್ಣೆ’ ಇಂದು ಕೊಬ್ಬರಿಗೂ ಕಡಲೆಗೂ ಸಲ್ಲುತ್ತದೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ನಾಲ್ಕು ಹೆಜ್ಜೆ ಕೂಡಿ ಓಡುವವರೆಲ್ಲರೂ ಮ್ಯಾರಥಾನ್ ಎಂದರೆ ಅದೂ ಲೋಕರೂಢಿಯೇ. ಆದರೆ ಎಣ್ಣೆಯ ಅರ್ಥ ಹಿಗ್ಗಿದರೂ ಎಳ್ಳು ಅಳಿಯಲಿಲ್ಲ. ಇಲ್ಲಿಯಾದರೋ ಶಬ್ದ ಉಳಿದು ದೂರ ಮರೆತಿದೆ. ದೂರದೊಡನೆ ಅದನ್ನು ಓಡಿದವರೂ ಮರೆಯಾಗಿದ್ದಾರೆ. ಓಡಿದನೋ ಇಲ್ಲವೋ ಎಂಬ ಗ್ರೀಕ್ ದೂತನಿಗೆ ಕವಿಗಳು ದೊರೆತರು. ನಿಶ್ಚಯವಾಗಿ ಓಡಿದ ಚೌಗುಲೆಯವರಿಗೆ ದಾಖಲೆಯ ಒಂದು ಸಾಲು ದೊರೆಯಿತು. ಆ ಸಾಲನ್ನು ವಿಸ್ತರಿಸುವ ಹೊಣೆ ಕನ್ನಡದ ಸಂಶೋಧಕರದು.