ರಕ್ಷಣೆ ಹೊಂದಿದ ದಿನವೇ ಕುಡಿತದ ಆಸೆ ಸಾಯುತ್ತದೆಯೇ?

‘ಯೇಸುವನ್ನು ನಂಬಿದ ದಿನವೇ ಕುಡಿತ ಬಿಟ್ಟೆ, ಮತ್ತೆ ಆಸೆಯೇ ಬರಲಿಲ್ಲ’ ಎನ್ನುವ ಸಾಕ್ಷಿಯ ವಿಡಿಯೋಗಳನ್ನು ವಾಟ್ಸಾಪ್‌ನಲ್ಲಿ ನೋಡಿರುತ್ತೀರಿ. ಇದಕ್ಕೆ ಎದುರಾಗಿ ‘ಮೆದುಳಿನಲ್ಲಿ ದೇವರ ಬಿಂದು ಸಿಕ್ಕಿದೆ, ರಕ್ಷಣೆ ಬರೀ ಭ್ರಮೆ’ ಎನ್ನುವ ಫಾರ್ವರ್ಡೂ ಉಂಟು.

ಎರಡನೆಯದನ್ನು ಬೇಗ ಮುಗಿಸೋಣ. ಕೆನಡಾದ ಮಾಂಟ್ರಿಯಲ್‌ನಲ್ಲಿ 15 ಕಾರ್ಮೆಲೈಟ್ ಸನ್ಯಾಸಿನಿಯರ ಮೆದುಳನ್ನು ಸ್ಕ್ಯಾನ್ ಮಾಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದೈವಾನುಭವವನ್ನು ನೆನೆದಾಗ ಅವರ ಮೆದುಳಿನ ಒಂದಲ್ಲ, ಹಲವು ಭಾಗಗಳು ಚುರುಕಾದವು. ‘ದೇವರ ಬಿಂದು’ ಸಿಗಲಿಲ್ಲ. ಇನ್ನು ಭ್ರಮೆಯ ಮಾತು: ರೊಟ್ಟಿಯ ರುಚಿ ಮೆದುಳಿನಲ್ಲಿ ಕಂಡಿತೆಂದು ರೊಟ್ಟಿ ಸುಳ್ಳಾಗುವುದಿಲ್ಲ. ದೇವರಿದ್ದಾನೋ ಇಲ್ಲವೋ ಎಂಬುದನ್ನು ಸ್ಕ್ಯಾನ್ ಹೇಳಲಾರದು.

ಜೀವಕ್ಕೆ ಕುತ್ತು ತರಬಲ್ಲದ್ದು ಮೊದಲನೆಯದು. ಯಲ್ಲಾಲಿಂಗ ಮಠವಿರುವ ಮುಗಳಖೋಡದವರಿಗೆ ‘ಮುಕ್ತಿ’ ಪರಿಚಿತ ಪದ. ಕನ್ನಡ ಕ್ರೈಸ್ತರು ‘ರಕ್ಷಣೆ’ ಎನ್ನುತ್ತಾರೆ. ಅದರ ಜೊತೆ ಬರುವ ಇನ್ನೊಂದು ಪದ ‘ಮಾನಸಾಂತರ’, ಅಂದರೆ ಮನಸ್ಸು ತಿರುಗುವುದು. ಮನಸ್ಸು ಒಂದೇ ಸಂಜೆಯಲ್ಲಿ ತಿರುಗಬಹುದು. ಮೆದುಳು ಅಷ್ಟು ಬೇಗ ತಿರುಗುವುದಿಲ್ಲ.

ಮದ್ಯ ಮೆದುಳನ್ನು ಮಂಕಾಗಿಸುತ್ತದೆ. ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು ಇದಕ್ಕೆ ಹೊಂದಿಕೊಳ್ಳಲು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಉದ್ರೇಕಕ್ಕೆ ತಡೆಯೇ ಇರುವುದಿಲ್ಲ. ಕೈನಡುಕ, ಬೆವರು ಶುರುವಾಗಿ, ಕೆಲವರಿಗೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ದಿಕ್ಕುತೋಚದೆ ಒದ್ದಾಡುವುದು ಶುರುವಾಗಬಹುದು. ಮನೆಯವರು ಇದನ್ನು ದೆವ್ವದ ಕಾಟ ಎಂದುಕೊಳ್ಳುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸಬಹುದು. ಪ್ರಾರ್ಥನೆ ಬೇಡವೆಂದಲ್ಲ, ಪ್ರಾರ್ಥಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆಸೆಯ ಕಥೆ ಇನ್ನೂ ದೀರ್ಘ. ಕಬ್ಬಿನ ಸೀಸನ್‌ನಲ್ಲಿ ಕೂಲಿ ಕೈಸೇರಿದ ಸಂಜೆ, ಹಳೆಯ ಗೆಳೆಯನ ದನಿ, ಅಂಗಡಿಯ ತಿರುವು: ಇವನ್ನೆಲ್ಲ ಮೆದುಳು ಕುಡಿತದ ಜೊತೆ ಗಂಟುಹಾಕಿರುತ್ತದೆ. ತಿಂಗಳುಗಳ ನಂತರವೂ ಆ ಗಂಟು ಎಳೆಯುತ್ತದೆ. ಆಗ ‘ನನಗೆ ರಕ್ಷಣೆಯೇ ಆಗಿಲ್ಲ’ ಎಂದು ಕುಗ್ಗಿದವನು, ನನ್ನ ಪ್ರಕಾರ, ಮತ್ತೆ ಬಾಟಲಿ ಹಿಡಿಯುವ ಸಾಧ್ಯತೆಯೇ ಹೆಚ್ಚು.

ಕುತೂಹಲವೆಂದರೆ, ಕ್ರೈಸ್ತ ದೇವತಾಶಾಸ್ತ್ರವೂ ದೇವರು ಮನುಷ್ಯನನ್ನು ಕ್ಷಮಿಸುವುದನ್ನೂ ಆತ ಜೀವನವಿಡೀ ಶುದ್ಧನಾಗುತ್ತ ಹೋಗುವುದನ್ನೂ ಬಹುಕಾಲದಿಂದ ಬೇರೆಬೇರೆಯಾಗಿ ನೋಡಿದೆ. ಮೆದುಳಿನ ವಿಜ್ಞಾನಕ್ಕೆ ಕ್ಷಮೆಯ ಬಗ್ಗೆ ಹೇಳಲು ಏನೂ ಇಲ್ಲ. ಎರಡನೆಯದು ಏಕೆ ಅಷ್ಟು ನಿಧಾನ ಎಂಬುದನ್ನು ಅದು ತೋರಿಸಬಲ್ಲದು.

ನಿಮ್ಮ ಮನೆಯಲ್ಲಿ ಯಾರಾದರೂ ಕುಡಿತ ಬಿಡಲು ಹೊರಟಿದ್ದರೆ ಮೊದಲು ವೈದ್ಯರಿಗೆ ತಿಳಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.