ವೇಗದ ಫಿಲ್ಮು ಮತ್ತು ಕತ್ತಲಕೋಣೆ: ಮಂದಬೆಳಕಿನ ಛಾಯಾಗ್ರಹಣ ಕುರಿತು ಒಂದು ಟಿಪ್ಪಣಿ

ಛಾಯಾಗ್ರಹಣದ ಚರಿತ್ರೆಯನ್ನು ಕ್ಯಾಮೆರಾಗಳ ಮತ್ತು ಛಾಯಾಗ್ರಾಹಕರ ಚರಿತ್ರೆಯಾಗಿ ಬರೆಯುವುದು ರೂಢಿ. ಕತ್ತಲಕೋಣೆಗೆ ಅದರಲ್ಲಿ ದೊರೆತ ಸ್ಥಾನ ಅಲ್ಪ. ಆದರೆ ಎಂತಹ ಬೆಳಕಿನಲ್ಲಿ ಚಿತ್ರ ಸಾಧ್ಯ ಎಂಬುದನ್ನು ಮಸೂರದಷ್ಟೇ ಫಿಲ್ಮಿನ ವೇಗವೂ ಅದನ್ನು ಸಂಸ್ಕರಿಸಿದ ಕ್ರಮವೂ ನಿರ್ಧರಿಸಿವೆ. ಧಾರವಾಡ ಜಿಲ್ಲೆಯ ಅಳ್ನಾವರದಲ್ಲಿ ನಿಂತು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯ ನಿಚ್ಚಳ ಬಿಸಿಲು. ಪಶ್ಚಿಮಕ್ಕೆ ದಾಂಡೇಲಿಯತ್ತ ಸಾಗುವ ಕಾಡಿನ ನೆರಳು. 25 ಎಎಸ್‌ಎ ವೇಗದ ಫಿಲ್ಮಿಗೆ ಒಂದು ಸೆಕೆಂಡಿನ ಬೆಳಕು ಬೇಕಾಗುವಲ್ಲಿ 400 ಎಎಸ್‌ಎ ಫಿಲ್ಮಿಗೆ ಲೆಕ್ಕದ ಪ್ರಕಾರ ಅದರ ಹದಿನಾರನೆಯ ಒಂದು ಪಾಲು ಸಾಕು. ಮರದಡಿಯ ಜಿಂಕೆ ಚಿತ್ರವಾಗುವುದೋ ಬರಿಯ ಮಸುಕಾಗುವುದೋ ಎಂಬುದು ಈ ಅಂತರವನ್ನು ಅವಲಂಬಿಸಿದೆ.

ಕೊಡಾಕ್ ಕಂಪನಿಯ ಟ್ರೈ-ಎಕ್ಸ್ 35 ಮಿ.ಮೀ. ಅಳತೆಯಲ್ಲಿ 1954ರಲ್ಲಿ ಬಂದಿತು. ಅದರ ವೇಗ ಆಗ 200 ಎಎಸ್‌ಎ ಎಂದಿತ್ತು. 1960ರಲ್ಲಿ ಅಮೆರಿಕದ ಮಾನಕ ಪರಿಷ್ಕೃತವಾದಾಗ ಅದು 400 ಎನಿಸಿತು. ಹೆಚ್ಚುವರಿ ಬೆಳಕಿಗಾಗಿ ಇರಿಸಿದ್ದ ಸುರಕ್ಷಾ ಅಂಶವನ್ನು ತೆಗೆದುಹಾಕಿದ್ದೇ ಇದಕ್ಕೆ ಕಾರಣ. ವೇಗದ ಅಂಕಿ ಫಿಲ್ಮಿನ ಗುಣವಷ್ಟೇ ಅಲ್ಲ, ಒಂದು ಒಪ್ಪಂದವೂ ಹೌದು ಎಂಬುದಕ್ಕೆ ಇದು ನಿದರ್ಶನ. ಆಮದಿನ ನಿರ್ಬಂಧಗಳಿದ್ದ ಆ ದಶಕಗಳಲ್ಲಿ ಪೂರ್ವ ಜರ್ಮನಿಯ ಆರ್ವೊ ಫಿಲ್ಮುಗಳು ಭಾರತಕ್ಕೆ ಬಂದವು. 1960ರಲ್ಲಿ ಸ್ಥಾಪಿತವಾದ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 1967ರಿಂದ ಉತ್ಪಾದನೆ ಆರಂಭಿಸಿ 'ಇಂದು' ಹೆಸರಿನಲ್ಲಿ ಫಿಲ್ಮು ಒದಗಿಸಿತು.

ಇರುವ ಫಿಲ್ಮಿನ ವೇಗ ಸಾಲದಾದಾಗ ಛಾಯಾಗ್ರಾಹಕರು ನೆಚ್ಚಿದ್ದು ಪುಶ್ ಸಂಸ್ಕರಣೆಯನ್ನು. 400ರ ಫಿಲ್ಮನ್ನು 1600 ಎಂದು ಭಾವಿಸಿ ಚಿತ್ರ ತೆಗೆದು, ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಡುವುದು ಇದರ ಸಾಮಾನ್ಯ ಕ್ರಮ. ಇದರಿಂದ ಬೆಳಗಿದ ಭಾಗಗಳು ದಟ್ಟವಾಗುತ್ತವೆ, ಕಾಂಟ್ರಾಸ್ಟ್ ಏರುತ್ತದೆ, ಕಣಗಳು ಒಡೆದು ಕಾಣುತ್ತವೆ. ಆದರೆ ಬೆಳಕೇ ತಾಗದ ನೆರಳಿನ ವಿವರ ಮರಳಿ ಬರುವುದಿಲ್ಲ. ತೆಗೆದ ಫಿಲ್ಮಿಗೆ ಅತಿ ಕ್ಷೀಣ ಬೆಳಕನ್ನು ಸಮನಾಗಿ ತಾಗಿಸುವ ಕ್ರಮವೂ, ಖಗೋಳ ವೀಕ್ಷಣೆಯ ಪ್ಲೇಟುಗಳನ್ನು ಸಾರಜನಕ-ಜಲಜನಕಗಳ ಮಿಶ್ರಣದಲ್ಲಿ ಕಾಯಿಸುವ ವಿಧಾನವೂ ಇದೇ ಹಂಬಲದ ಬೇರೆ ರೂಪಗಳು.

ಈ ವಿಧಾನಗಳನ್ನು ಕರ್ನಾಟಕದ ಹಿನ್ನೆಲೆಯಲ್ಲಿಟ್ಟು ನೋಡಿದಾಗ ಹೊಸದೊಂದು ಸಂಗತಿ ಹೊಳೆಯುತ್ತದೆ. ಕೈಪಿಡಿಗಳು ಡೆವಲಪರಿಗೆ ಹೇಳುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಬಯಲುಸೀಮೆಯ ಬೇಸಿಗೆಯಲ್ಲಿ ನೀರು ಅದಕ್ಕಿಂತ ಬಹಳ ಬಿಸಿ. ಬಿಸಿ ದ್ರಾವಣದಲ್ಲಿ ಡೆವಲಪಿಂಗ್ ಚುರುಕಾಗುತ್ತದೆ, ಜೆಲಾಟಿನ್ ಪದರ ಮೆತ್ತಗಾಗಿ ಸುಕ್ಕುಗಟ್ಟುವ ಅಪಾಯವೂ ಇರುತ್ತದೆ. ಮಂಜುಗಡ್ಡೆಯಿಂದ ತಂಪುಗೊಳಿಸುವುದು, ಡೆವಲಪರಿಗೆ ಸೋಡಿಯಂ ಸಲ್ಫೇಟ್ ಸೇರಿಸುವುದು, ಕ್ರೋಮ್ ಆಲಂನಿಂದ ಪದರವನ್ನು ಗಟ್ಟಿಗೊಳಿಸುವುದು ಉಷ್ಣವಲಯಕ್ಕೆಂದೇ ಸೂಚಿತವಾದ ಉಪಾಯಗಳು. ಎಂದರೆ, ತಂಪುನಾಡಿನ ಕೈಪಿಡಿ ಅಪವಾದವೆಂದು ಬಗೆದದ್ದು ಇಲ್ಲಿ ನಿತ್ಯದ ಅಗತ್ಯವಾಗಿತ್ತು.

ಈ ತಿಳಿವಳಿಕೆ ಚಿತ್ರಗಳ ಅಧ್ಯಯನಕ್ಕೆ ಮುಖ್ಯ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಜನಸಾಮಾನ್ಯರ ಬದುಕನ್ನು, ಸಂಡೂರಿನ ಎಂ.ವೈ. ಘೋರ್ಪಡೆ (1931-2011) ವನ್ಯಜೀವಿಗಳನ್ನು ಕಪ್ಪುಬಿಳುಪಿನಲ್ಲಿ ದಾಖಲಿಸಿದರು. 1983ರಲ್ಲಿ ಪ್ರಕಟವಾದ ಘೋರ್ಪಡೆಯವರ 'ಸನ್‌ಲೈಟ್ ಆ್ಯಂಡ್ ಶ್ಯಾಡೋಸ್' ಗ್ರಂಥದ ಹೆಸರೇ ಬಿಸಿಲು-ನೆರಳುಗಳತ್ತ ಬೆರಳು ಮಾಡುತ್ತದೆ. ಇಂತಹ ಪರಂಪರೆಯ ಚಿತ್ರವೊಂದರಲ್ಲಿ ನೆರಳು ಕಪ್ಪಾಗಿದ್ದರೆ ಅದು ಕಲಾವಿದನ ಆಯ್ಕೆಯೇ, ಫಿಲ್ಮಿನ ಮಿತಿಯೇ, ಸಂಸ್ಕರಣೆಯ ಫಲವೇ ಎಂದು ಮುದ್ರಿತ ಪ್ರತಿಯಿಂದ ಮಾತ್ರ ನಿರ್ಣಯಿಸಲಾಗದು. ನೆಗೆಟಿವ್ ಹಾಗೂ ಅದರೊಡನೆ ಬರೆದಿಟ್ಟ ಫಿಲ್ಮು, ಕಾಲ, ಉಷ್ಣತೆಗಳ ವಿವರ ಬೇಕು.

ಕೊಡಾಕ್ 1988ರಲ್ಲಿ ಹೊರತಂದ ಟಿ-ಮ್ಯಾಕ್ಸ್ ಪಿ3200 ಫಿಲ್ಮು 2012ರಲ್ಲಿ ನಿಂತು, 2018ರಲ್ಲಿ ಮರಳಿ ಬಂದಿದೆ. ವೇಗದ ಫಿಲ್ಮಿನ ಆಸಕ್ತಿ ಅಳಿದಿಲ್ಲ. ಅಳಿವಿನ ಅಂಚಿನಲ್ಲಿರುವುದು ಹಳೆಯ ಸಾಕ್ಷ್ಯ. ಹೈಪೊ ಪೂರ್ತಿ ತೊಳೆದುಹೋಗದ ನೆಗೆಟಿವ್ ಕಾಲಕ್ರಮದಲ್ಲಿ ಕಲೆಗಟ್ಟಿ ಮಾಸುತ್ತದೆ. ಅಳ್ನಾವರದಂತಹ ಮಳೆಯ ಸೀಮೆಯ ತೇವದಲ್ಲಿ ಬೂಷ್ಟೂ ಹಿಡಿಯುತ್ತದೆ. ಸ್ಟುಡಿಯೋಗಳ ನೆಗೆಟಿವ್‌ಗಳನ್ನು ಅವುಗಳ ಲಕೋಟೆಗಳ ಸಮೇತ ಸಂಗ್ರಹಿಸುವುದು, ಕತ್ತಲಕೋಣೆಯಲ್ಲಿ ದುಡಿದವರ ಅನುಭವವನ್ನು ಅವರಿರುವಾಗಲೇ ದಾಖಲಿಸುವುದು ಸಂಶೋಧಕರ ಮತ್ತು ಗ್ರಂಥಾಲಯಗಳ ಮುಂದಿರುವ ತುರ್ತಿನ ಕೆಲಸವಾಗಿದೆ.