ನೆಟಿಕೆ ಮುರಿದರೆ ಗಂಟುನೋವು ಬರ್ತದಾ?

ಮಕ್ಕಳ ಮುಖದ ಮೇಲಿಂದ ಕೈ ಇಳಿಸಿ, ನಮ್ಮ ತಲೆಯ ಎರಡೂ ಬದಿಗೆ ಬೆರಳು ಒತ್ತಿ ನೆಟಿಕೆ ಮುರಿದು ದೃಷ್ಟಿ ತೆಗೆಯುವುದನ್ನು ನಮ್ಮ ಅಂಬಲಪಾಡಿ ಬದಿಯವರಿಗೆ ಹೇಳಿಕೊಡಬೇಕಾ? ಲಟಲಟ ಅಂತ ಜೋರು ಕೇಳಿದರೆ ದೃಷ್ಟಿ ಜಾಸ್ತಿ ಇತ್ತು ಅಂತ ಲೆಕ್ಕ. ಅದೇ ಮಕ್ಕಳು ಓದ್ಲಿಕ್ಕೆ ಕೂತು ಬೆರಳು ಲಟಕ್ ಅನ್ನಿಸಿದರೆ "ಗಂಟುನೋವು ಬರ್ತದೆ, ಬಿಡು" ಅಂತ ಬೈತೇವೆ!

ಈ ಸದ್ದಿನ ಬೆನ್ನು ಹತ್ತಿದವರು ಸುಮಾರು ಜನ ಇದ್ದಾರೆ. ಗಂಟಿನೊಳಗೆ ಲೋಳೆಯಂಥ ದ್ರವ ಉಂಟು, ಬಾಗಿಲಿನ ಬಿಜಾಗರಿಗೆ ಎಣ್ಣೆ ಬಿಟ್ಟ ಹಾಗೆ. 1947ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಇಬ್ಬರು ಬೆರಳು ಎಳೆದು ಎಕ್ಸ್‌ರೇ ತೆಗೆದು ನೋಡಿದರು. ಎಳೆದಾಗ ಆ ದ್ರವದಲ್ಲಿ ಗಾಳಿಗುಳ್ಳೆ ಏಳ್ತದೆ, ಸದ್ದು ಅದರದ್ದು ಅಂದರು. 1971ರಲ್ಲಿ ಲೀಡ್ಸ್‌ನವರು, ಅಲ್ಲ, ಗುಳ್ಳೆ ಒಡೆಯುವಾಗ ಸದ್ದು ಅಂದರು. 2015ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಎಂಆರ್‌ಐ ಮಾಡಿ ನೋಡಿದರೆ ಸದ್ದಾದ ಮೇಲೂ ಗುಳ್ಳೆ ಅಲ್ಲೇ ಇತ್ತು. 2018ರಲ್ಲಿ ಮತ್ತಿಬ್ಬರು ಗಣಿತ ಹಾಕಿ, ಗುಳ್ಳೆ ಅರ್ಧ ಕುಸಿದರೂ ಸಾಕು ಅಂದರು. ಜಗಳ ಇನ್ನೂ ಮುಗಿದಿಲ್ಲ. ಅಂತೂ ಎಲುಬಿಗೆ ಎಲುಬು ತಾಗಿ ಆಗುವ ಸದ್ದಲ್ಲ ಅದು. ಒಮ್ಮೆ ಮುರಿದ ಬೆರಳು ಮತ್ತೆ ಲಟಕ್ ಅನ್ನಲಿಕ್ಕೆ ಸುಮಾರು 20 ನಿಮಿಷ ಬೇಕು. ಎರಡನೇ ಸಲ ದೃಷ್ಟಿ ತೆಗೆದಾಗ ಸದ್ದು ಬಾರದಿದ್ದರೆ ಕಾರಣ ಇದೇ ಮಾರಾಯ್ರೆ.

ನನಗೆ ಭಾರೀ ಇಷ್ಟ ಆದವರು ಅಮೆರಿಕಾದ ಡಾಕ್ಟರ್ ಡೊನಾಲ್ಡ್ ಉಂಗರ್. ಅಮ್ಮ, ಚಿಕ್ಕಮ್ಮಂದಿರು, ಮತ್ತೆ ಅತ್ತೆ ಕೂಡ ನೆಟಿಕೆ ಮುರಿಯಬೇಡ ಅಂತ ಹೇಳಿದ್ದಕ್ಕೆ, 50 ವರ್ಷ ಎಡಗೈಯದ್ದು ಮಾತ್ರ ದಿನಕ್ಕೆ ಎರಡು ಸಲವಾದರೂ ಮುರಿದರಂತೆ, ಬಲಗೈ ಹಾಗೇ ಬಿಟ್ಟು! ಎರಡು ಕೈಗೂ ಸಂಧಿವಾತ ಬರ್ಲಿಲ್ಲ. 1998ರಲ್ಲಿ ಅದನ್ನು ಬರೆದರು, 2009ರಲ್ಲಿ ನಗಿಸಿ ಯೋಚನೆಗೆ ಹಚ್ಚುವ ಇಗ್ನೊಬೆಲ್ ಬಹುಮಾನ ಬಂತು. ಒಬ್ಬರ ಕೈ ನೋಡಿ ಊರಿಗೆಲ್ಲ ಹೇಳ್ಲಿಕ್ಕಾಗುವುದಿಲ್ಲ, ಸರಿ. ಆದರೆ 2011ರಲ್ಲಿ 215 ಜನರ ಕೈ ನೋಡಿದವರಿಗೂ ಮುರಿಯುವವರಲ್ಲಿ ಸಂಧಿವಾತ ಹೆಚ್ಚು ಕಾಣಲಿಲ್ಲ. 1990ರಲ್ಲಿ ಡೆಟ್ರಾಯಿಟ್‌ನಲ್ಲಿ 300 ಜನರನ್ನು ನೋಡಿದವರು ಮಾತ್ರ, ಸಂಧಿವಾತ ಇಲ್ಲ, ಆದರೆ ಮುರಿಯುವವರ ಕೈ ಬಾತು ಹಿಡಿತ ಕಡಿಮೆ ಆಗ್ತದೆ ಅಂದಿದ್ದಾರೆ. ಆ ಮಾತನ್ನು ಮುಂದಿನವರು ಅಷ್ಟು ಒಪ್ಪಲಿಲ್ಲ.

ಮೆಟ್ಟಿಲು ಹತ್ತುವಾಗ ನಮ್ಮ ಮೊಣಕಾಲು ಕರಕರ ಅನ್ನುವುದು ಬೇರೆ ಸಂಗತಿ. ನೋವಿಲ್ಲದಿದ್ದರೆ ಹೆದರಬೇಕಂತ ಇಲ್ಲ. ಸದ್ದಿನ ಜೊತೆ ನೋವು, ಬಾವು, ಕಾಲು ಸಿಕ್ಕಿಕೊಂಡ ಹಾಗೆ ಆಗುವುದು, ಇದ್ದರೆ ಎಣ್ಣೆ ತಿಕ್ಕುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.

ಕುತ್ತಿಗೆ ಮಾತ್ರ ಯಾರ ಕೈಗೂ ಕೊಡಬೇಡಿ. 2024ರಲ್ಲಿ ಬಳ್ಳಾರಿ ಕಡೆಯ 30 ವರ್ಷದ ಯುವಕನಿಗೆ ತಲೆಕೂದಲು ತೆಗೆಸುವಾಗ ಮಸಾಜು ಅಂತ ಕುತ್ತಿಗೆ ತಿರುಗಿಸಿದ್ದಕ್ಕೆ ಮೆದುಳಿಗೆ ಹೋಗುವ ರಕ್ತನಾಳ ಹರಿದು ಸ್ಟ್ರೋಕ್ ಆಯ್ತು ಅಂತ ಪೇಪರಿನಲ್ಲಿ ಬಂದಿತ್ತು. ಮನೆಯ ಗಂಡಸರಿಗೆ ಇದನ್ನು ಓದಿ ಹೇಳಿ.